ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆ

ದವಡೆಗಳ ಎರಡೂ ಪಾರ್ಶ್ವಗಳಲ್ಲಿ ಎಲ್ಲಕ್ಕಿಂತ ಹಿಂದೆ, ಸಾಮಾನ್ಯವಾಗಿ 17ರಿಂದ 25ನೆಯ ವಯಸ್ಸಿನೊಳಗೆ ಮೊಳೆಯುವ ಮೂರನೆಯ ದವಡೆಹಲ್ಲಿಗೆ ಬುದ್ಧಿಹಲ್ಲು ಎಂದು ಹೆಸರು. ಪ್ರಾಯಕ್ಕೆ ಬಂದ ಮನುಷ್ಯನ 32 ಹಲ್ಲುಗಳ ಪೈಕಿ ಕಟ್ಟಕಡೆಗೆ ಬರುವ ಈ ನಾಲ್ಕಕ್ಕೆ, ಮೊದಲು ಹುಟ್ಟಿದವುಗಳೆಲ್ಲ ಎಡೆಯನ್ನು ಆಕ್ರಮಿಸಿಕೊಂಡಿರುವ ಕಾರಣದಿಂದ, ಹಲವೊಮ್ಮೆ ನೆಟ್ಟಗೆ ನಿಲ್ಲುವಷ್ಟು ಸ್ಥಳವೇ ದೊರೆಯದು. ಆಗ ಹಲ್ಲು, ಅದರಲ್ಲಿಯೂ ಕೆಳದವಡೆಯದು, ಮುಂದಣ ಹಲ್ಲಿನ ಕಡೆಗೆ ವಾಲಿಕೊಂಡೋ ಅಡ್ಡಲಾಗಿ ಮಲಗಿಯೋ ಒಸಡಿನಲ್ಲಾಗಲಿ ಎಲುಬಿನಲ್ಲಾಗಲಿ ಹುದುಗಿ ಉಳಿದುಬಿಡುತ್ತದೆ. ಒಸಡನ್ನು ಬಿಡಿಸಿ, ಬೇಕಾದಲ್ಲಿ ಸುತ್ತಣ ಎಲುಬನ್ನು ಕೊಂಚ ಕೊರೆದು, ಇಂಥ ಹಲ್ಲನ್ನು ಹೊರತೆಗೆಯುವುದು ಬಾಯಿಯ ಶಸ್ತ್ರಕ್ರಿಯೆಗಳಲ್ಲಿ ತೀರ ಸಾಮಾನ್ಯವಾದುದು. ಕೈಚಳಕವೇನಿದ್ದರೂ ವೈದ್ಯನದು, ಆದರೆ ಅದರ ಫಲಾಫಲದಲ್ಲಿ ರೋಗಿಯಾದವನು ಮುಂಚಿತವಾಗಿ ಹೇಳುವ, ಅಥವಾ ಹೇಳದೆ ನುಂಗಿಕೊಳ್ಳುವ ಸಂಗತಿಗಳ ಪಾಲು ಜನರು ಎಣಿಸಿರುವುದಕ್ಕಿಂತ ಬಹಳ ದೊಡ್ಡದು.

ಈ ಹಲ್ಲಿನ ಉಪದ್ರವವು ನಮ್ಮ ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಸುಶ್ರುತ ಸಂಹಿತೆಯು ಮುಖರೋಗಗಳನ್ನು ನಿರೂಪಿಸುವಲ್ಲಿ, ದವಡೆಯ ಕೊನೆಯ ಹಲ್ಲಿನ ಬಳಿ ಮಹತ್ತಾದ ಬಾವು, ನೋವು, ಲಾಲಾಸ್ರಾವಗಳೊಡನೆ ತಲೆದೋರುವ ವ್ಯಾಧಿಯನ್ನು ಅಧಿಮಾಂಸಕವೆಂದು ಕರೆದು, ಅಲ್ಲಿ ಬೆಳೆದ ಮಾಂಸವನ್ನು ಛೇದಿಸತಕ್ಕದ್ದೆಂದು ವಿಧಿಸಿದೆ. ಅರ್ಧ ಹುಟ್ಟಿದ ಬುದ್ಧಿಹಲ್ಲನ್ನು ಮುಚ್ಚಿಕೊಂಡ ಒಸಡಿನ ಸೋಂಕನ್ನು ಇಂದಿನ ವೈದ್ಯನು ವರ್ಣಿಸುವ ರೀತಿಗೂ ಇದಕ್ಕೂ ಭೇದ ಅತ್ಯಲ್ಪ. ಅದೇ ಗ್ರಂಥವು ಮೇಲಿನ ಸಾಲಿನ ಹಲ್ಲನ್ನು, ಅದು ಅಲುಗಾಡುತ್ತಿದ್ದರೂ ಸಹ, ಕೀಳಬಾರದೆಂದೂ, ಕಿತ್ತರೆ ರಕ್ತವು ಅತಿಯಾಗಿ ಹರಿದು ಕಣ್ಣು ಕುರುಡಾಗುವುದು, ಮುಖ ಸೊಟ್ಟಗಾಗುವುದು ಮೊದಲಾದ ಕೇಡುಗಳು ಸಂಭವಿಸುವುವೆಂದೂ ಎಚ್ಚರಿಸುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಹೋಗುವುದೆಂದು ನಮ್ಮ ಊರುಗಳಲ್ಲಿ ಈಗಲೂ ಹಿರಿಯರು ಹೇಳುವ ಮಾತಿನ ಹಿಂದೆ ಇಷ್ಟು ದೀರ್ಘವಾದ ಪರಂಪರೆಯುಂಟು. ರಕ್ತವನ್ನು ತಡೆಯುವ ಉಪಾಯಗಳು ಮಿತವಾಗಿದ್ದ ಕಾಲಕ್ಕೆ ಆ ಎಚ್ಚರಿಕೆ ವಿವೇಕದ್ದೇ ಆಗಿದ್ದಿರಬಹುದು. ಆದರೆ ಹಲ್ಲುಗಳಿಗೆ ಹೋಗುವ ನರವೇ ಬೇರೆ, ದೃಷ್ಟಿಯ ನರವೇ ಬೇರೆ. ಈ ಅಂಜಿಕೆಯಿಂದ ಕೀವುಗಟ್ಟಿದ ಹಲ್ಲನ್ನು ವರ್ಷಾನುಗಟ್ಟಲೆ ಇಟ್ಟುಕೊಂಡು ಕೊರಗುವುದಕ್ಕೆ ಈಗ ಕಾರಣವಿಲ್ಲ.

ಹಾಗೆಂದು ಹುದುಗಿದ ಹಲ್ಲನ್ನೆಲ್ಲ ಕೀಳಲೇಬೇಕೆಂಬ ನಿಯಮವೂ ಇಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಯುಕ್ತಾಯುಕ್ತತೆಯನ್ನು ವಿಮರ್ಶಿಸುವ ನೈಸ್ ಸಂಸ್ಥೆಯು 2000ದಲ್ಲಿ, ಯಾವ ರೋಗವನ್ನೂ ತೋರದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ನೆಪದಿಂದ ತೆಗೆಯುವ ರೂಢಿಯನ್ನು ನಿಲ್ಲಿಸಬೇಕೆಂದು ಹೇಳಿತು. ಬೇರೆ ದೇಶಗಳ ಶಸ್ತ್ರವೈದ್ಯರಲ್ಲಿ ಇದನ್ನು ಒಪ್ಪದವರೂ ಇದ್ದಾರೆ. ಒಸಡಿನ ಸೋಂಕು ಮರುಕಳಿಸುತ್ತಿರುವುದು, ಸರಿಪಡಿಸಲಾಗದಷ್ಟು ಹುಳುಕು, ಹಲ್ಲಿನ ಸುತ್ತ ಬೆಳೆದ ನೀರುಗುಳ್ಳೆ ಇವು ಎಲ್ಲರೂ ಒಪ್ಪಿದ ಕಾರಣಗಳು. ವಾಲಿದ ಬುದ್ಧಿಹಲ್ಲಿಗೂ ಅದರ ಮುಂದಣ ಹಲ್ಲಿಗೂ ನಡುವಣ ಸಂದಿನಲ್ಲಿ ಕೂಳು ಸಿಕ್ಕಿ, ಗಟ್ಟಿಮುಟ್ಟಾದ ಎರಡನೆಯ ದವಡೆಹಲ್ಲು ಹಿಂಬದಿಯಿಂದ ಕೊಳೆಯುವುದು ಇನ್ನೊಂದು ಕಾರಣ. ಇದು ನೋವಿಲ್ಲದೆ ನಡೆಯುವುದರಿಂದ ರೋಗಿಗೆ ಗೊತ್ತಾಗುವ ಹೊತ್ತಿಗೆ ಉಳಿಸಬೇಕಾಗಿದ್ದ ಹಲ್ಲೂ ಕೆಟ್ಟಿರುತ್ತದೆ. ಬುದ್ಧಿಹಲ್ಲು ಹಿಂದಿನಿಂದ ನೂಕಿ ಮುಂದಿನ ಹಲ್ಲುಗಳನ್ನು ವಕ್ರಗೊಳಿಸುತ್ತದೆಂಬ ಮಾತನ್ನಾದರೋ ಪರೀಕ್ಷೆಗಳು ಸಮರ್ಥಿಸಿಲ್ಲ; ಅದೊಂದನ್ನೇ ಮುಂದಿಟ್ಟು ನಾಲ್ಕೂ ಹಲ್ಲು ತೆಗೆಸಿಕೊಳ್ಳಿರೆಂದು ಹೇಳಿದವರನ್ನು ಇನ್ನೊಂದು ಕಾರಣ ಕೇಳುವ ಹಕ್ಕು ರೋಗಿಗೆ ಉಂಟು. ಕೀಳಿಸುವುದೇ ನಿಶ್ಚಯವಾದಲ್ಲಿ, ಬೇರುಗಳು ಪೂರ್ತಿ ಬಲಿಯದ, ಎಲುಬು ಇನ್ನೂ ಮೃದುವಾಗಿರುವ ಎಳೆಯ ವಯಸ್ಸಿನಲ್ಲಿ ಕಾರ್ಯ ಸುಲಭ, ಗಾಯ ಮಾಯುವುದೂ ಬೇಗ.

ಕೆಳಗಿನ ಹಲ್ಲಾದರೆ ಶಸ್ತ್ರಕ್ಕೆ ಮೊದಲು ಎರಡೂ ದವಡೆಗಳನ್ನು ಒಂದೇ ಪಟದಲ್ಲಿ ತೋರಿಸುವ ಎಕ್ಸ್-ರೇ ಬೇಕಾಗುತ್ತದೆ. ಕೆಳದವಡೆಯ ಎಲುಬಿನೊಳಗೆ, ಬುದ್ಧಿಹಲ್ಲಿನ ಬೇರುಗಳ ತೀರ ಸಮೀಪದಲ್ಲಿ, ಕೆಳದುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನವನ್ನು ಕೊಡುವ ನರವೊಂದು ಸಣ್ಣ ಕಾಲುವೆಯಲ್ಲಿ ಹರಿದಿದೆ. ನಾಲಗೆಯ ನರವು ಅದೇ ಹಲ್ಲಿನ ಒಳಮಗ್ಗುಲಲ್ಲಿ, ಒಸಡಿನ ಕೆಳಗೇ ಸಾಗುತ್ತದೆ. ಪಟದಲ್ಲಿ ಕಾಲುವೆಯ ಗೆರೆ ಬೇರಿನ ಬಳಿ ಅಳಿಸಿಹೋಗಿರುವಂತೆಯೋ ಬಾಗಿರುವಂತೆಯೋ ಕಂಡರೆ ವೈದ್ಯನು ಮೂರು ಆಯಾಮಗಳ ಸ್ಕ್ಯಾನ್ ಬಯಸಬಹುದು, ಇಲ್ಲವೆ ಬೇರುಗಳನ್ನು ಅಲ್ಲಿಯೇ ಬಿಟ್ಟು ಹಲ್ಲಿನ ಶಿರವನ್ನು ಮಾತ್ರ ಕತ್ತರಿಸಿ ತೆಗೆಯುವ ಕ್ರಮವನ್ನು ಸೂಚಿಸಬಹುದು. ನರಕ್ಕೆ ಘಾಸಿಯಾದಲ್ಲಿ ತುಟಿ, ಗಲ್ಲ ಅಥವಾ ನಾಲಗೆಯ ಒಂದು ಮಗ್ಗುಲು ಜೋಮು ಹಿಡಿದಂತಿರುತ್ತದೆ. ನಾಲಗೆಯದಾದರೆ ರುಚಿಯೂ ಮಂಕಾಗಬಹುದು. ಇವು ಸ್ಪರ್ಶದ ನರಗಳಾದ್ದರಿಂದ ಮುಖ ಸೊಟ್ಟಗಾಗದು. ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸ್ಪರ್ಶ ಮರಳುವುದು. ಜೋಮು ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ. ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮುನ್ನ, ನನ್ನ ಹಲ್ಲಿಗೂ ನರಕ್ಕೂ ಎಷ್ಟು ಅಂತರವಿದೆ ಎಂದು ಪಟವನ್ನು ಕಣ್ಣೆದುರಿಗಿಟ್ಟುಕೊಂಡು ಕೇಳಿ ತಿಳಿಯತಕ್ಕದ್ದು. ಬೋಧನಾ ಆಸ್ಪತ್ರೆಗಳಲ್ಲಿ (ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಿಂದಲೂ ಮಣಿಪಾಲದ ಕಾಲೇಜು 1965ರಿಂದಲೂ ನಡೆಯುತ್ತಿವೆ) ಖರ್ಚು ಕಡಿಮೆ. ಅಲ್ಲಿ ಶಸ್ತ್ರ ಹಿಡಿಯುವವರು ಕಲಿಯುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಾಗಿದ್ದರೆ ಪಕ್ಕದಲ್ಲಿ ನಿಲ್ಲುವ ಅಧ್ಯಾಪಕರು ಯಾರೆಂದು ವಿಚಾರಿಸುವುದರಲ್ಲಿ ಸಂಕೋಚಪಡಬೇಕಾದುದಿಲ್ಲ.

ಇನ್ನು ಹೇಳಿಕೊಳ್ಳಬೇಕಾದ ಸಂಗತಿಗಳು. ಹಲ್ಲಿನ ಆಸ್ಪತ್ರೆಗೆ ಬಂದವನು ಹಲ್ಲಿನ ವಿಷಯವನ್ನು ಮಾತ್ರ ಹೇಳಿದರೆ ಸಾಕೆಂದು ಭಾವಿಸುವುದೇ ಹೆಚ್ಚು. ಹೃದಯಕ್ಕೂ ಮೂಳೆಗೂ ಸೇವಿಸುವ ಔಷಧಗಳು ಆ ಕೊಠಡಿಗೆ ಸಂಬಂಧಪಡವೆಂಬುದು ಅವನ ತಿಳಿವಳಿಕೆ. ವಸ್ತುತಃ ಎಕ್ಸ್-ರೇ ತೋರಿಸಲಾರದ್ದೆಲ್ಲ ಆ ಔಷಧಗಳಲ್ಲಿಯೇ ಅಡಗಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಅಥವಾ ಅಸಿಟ್ರೋಮ್ ಗುಳಿಗೆಯನ್ನು ನುಂಗುತ್ತಿರುವವನು ಅದನ್ನು ಮರೆಮಾಡುವುದು ಒಂದು ತಪ್ಪಾದರೆ, ರಕ್ತಸ್ರಾವದ ಭಯದಿಂದ ತಾನಾಗಿಯೇ ನಾಲ್ಕು ದಿನ ಮೊದಲು ನಿಲ್ಲಿಸಿಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಹಲ್ಲಿನ ಗುಳಿಯಿಂದ ಜಿನುಗುವ ರಕ್ತವನ್ನು ಒತ್ತಿ, ಹೊಲಿದು, ಔಷಧವಿಟ್ಟು ನಿಲ್ಲಿಸಬಹುದು. ಕೃತಕ ಕವಾಟದಲ್ಲಿಯೋ ಮಿದುಳಿನ ನಾಳದಲ್ಲಿಯೋ ಕಟ್ಟಿದ ಗರಣೆಯನ್ನು ಹಾಗೆ ನಿವಾರಿಸಲಾಗದು. ಆಸ್ಪಿರಿನ್ನನ್ನು ಸಾಮಾನ್ಯವಾಗಿ ನಿಲ್ಲಿಸುವುದೇ ಇಲ್ಲ. ವಾರ್ಫರಿನ್ ಜಾತಿಯ ಔಷಧವಾದರೆ ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಶಸ್ತ್ರದ ಹಿಂದಿನ ದಿನ ಮಾಡಿಸಿ, ಅಂಕಿ 4ಕ್ಕಿಂತ ಕಡಿಮೆ ಇದ್ದಲ್ಲಿ ಔಷಧವನ್ನು ಬಿಡದೆಯೇ ಮುಂದುವರಿಯುವುದು ರೂಢಿ. ಮಾರ್ಪಾಡು ಬೇಕಾದರೆ ಹೃದಯದ ವೈದ್ಯನೂ ಶಸ್ತ್ರವೈದ್ಯನೂ ಕೂಡಿ ತೀರ್ಮಾನಿಸಬೇಕು.

ಕೃತಕ ಹೃದಯಕವಾಟವುಳ್ಳವರಿಗೆ, ಹಿಂದೊಮ್ಮೆ ಹೃದಯದ ಒಳಪೊರೆಗೆ ಸೋಂಕು ತಗುಲಿದವರಿಗೆ, ಹುಟ್ಟಿನಿಂದ ಬಂದ ಕೆಲವು ಹೃದಯದೋಷಗಳುಳ್ಳವರಿಗೆ ಶಸ್ತ್ರಕ್ಕೆ 30ರಿಂದ 60 ನಿಮಿಷ ಮೊದಲು ಒಂದು ಪ್ರಮಾಣ ಜೀವಿರೋಧಕ ಕೊಡುವುದುಂಟು. ಪ್ರಾಪ್ತವಯಸ್ಕರಿಗೆ ಅದು ಸಾಮಾನ್ಯವಾಗಿ 2 ಗ್ರಾಂ ಅಮಾಕ್ಸಿಸಿಲಿನ್. ಅದೇ ಜಾತಿಯ ಪೆನಿಸಿಲಿನ್ ಒಗ್ಗದವರು ಆ ಸಂಗತಿಯನ್ನು ಮೊದಲೇ ತಿಳಿಸದಿದ್ದರೆ ರಕ್ಷಣೆಗೆಂದು ಕೊಟ್ಟದ್ದೇ ಪ್ರಾಣಕ್ಕೆ ಎರವಾದೀತು.

ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದು ಮೂಳೆ ಸವೆತದ ಔಷಧ. ಜೊಲೆಡ್ರೊನಿಕ್ ಆಮ್ಲವನ್ನು ಈ ವ್ಯಾಧಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಹನಿಸುತ್ತಾರೆ. ಅಲೆಂಡ್ರೊನೇಟ್ ಗುಳಿಗೆಯನ್ನು ವಾರಕ್ಕೊಮ್ಮೆ ನುಂಗುತ್ತಾರೆ. ದಿನವೂ ಸೇವಿಸದ್ದನ್ನು ಔಷಧವೆಂದೇ ಎಣಿಸದ ಅಜ್ಜಿಗೆ, ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುವುದು. ಆದರೆ ಈ ಔಷಧಗಳು ಎಲುಬಿನ ನವೀಕರಣವನ್ನು ಕುಂಠಿಸುವುದರಿಂದ, ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಎಲುಬು ಮಾಯದೆ ನಿರ್ಜೀವವಾಗಿ ಹೊರಗೆ ಕಾಣಿಸಿಕೊಳ್ಳುವ ವಿಷಮಸ್ಥಿತಿ ಉಂಟಾಗಬಲ್ಲದೆಂದು ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಎಚ್ಚರಿಸಿದನು. ಮೂಳೆ ಸವೆತಕ್ಕಾಗಿ ಸೇವಿಸುವವರಲ್ಲಿ ಇದು ವಿರಳ. ಕ್ಯಾನ್ಸರಿಗಾಗಿ ಹೆಚ್ಚಿನ ಪ್ರಮಾಣದಲ್ಲಿ ಪಡೆಯುವವರಲ್ಲಿ ಅಷ್ಟು ವಿರಳವಲ್ಲ. ಮನೆಯಲ್ಲಿರುವ ಚೀಟಿಗಳನ್ನೂ ಖಾಲಿ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬರುವ ರೋಗಿಯೇ ವೈದ್ಯನಿಗೆ ಉತ್ತಮ ರೋಗಿ.

ಮಧುಮೇಹಿಗಳು ಸಕ್ಕರೆಯನ್ನು ಹತೋಟಿಗೆ ತಂದುಕೊಂಡು, ಬೆಳಗಿನ ಹೊತ್ತನ್ನೇ ಗೊತ್ತುಮಾಡಿಸಿಕೊಂಡು, ತಿಂಡಿಯನ್ನೂ ಔಷಧವನ್ನೂ ಎಂದಿನಂತೆ ತೆಗೆದುಕೊಂಡು ಹೋಗತಕ್ಕದ್ದು. ಮರುದಿನ ಬಾಯಿ ನೋವಿನಿಂದ ಊಟ ಅರೆಯಾದರೆ ಔಷಧದ ಪ್ರಮಾಣವೇನೆಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು. ಗರ್ಭಿಣಿಯರಿಗೆ ತಡೆಯಲಾಗದ ಶಸ್ತ್ರವಿದ್ದರೆ ನಡುವಣ ಮೂರು ತಿಂಗಳು ಅನುಕೂಲ.

ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ. ಭಾರತದಲ್ಲಿ ಅಡಕೆಯನ್ನು ಅತ್ಯಧಿಕವಾಗಿ ಬೆಳೆಯುವ ರಾಜ್ಯ ಕರ್ನಾಟಕ. ತಾಂಬೂಲವು ನಮ್ಮಲ್ಲಿ ಮರ್ಯಾದೆಯ ವಸ್ತು, ಗುಟ್ಕಾ ಅದರ ಮರ್ಯಾದೆಗೆಟ್ಟ ಸಂತಾನ. ಬಹುಕಾಲ ಅಡಕೆ ಜಗಿದವರಲ್ಲಿ ಕೆನ್ನೆಯ ಒಳಪೊರೆ ಬಿಳಚಿ, ನಾರುಗಟ್ಟಿ, ಖಾರ ತಗುಲಿದೊಡನೆ ಉರಿದು, ಬಾಯಿ ತೆರೆಯುವ ಅಳತೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬರುತ್ತದೆ. ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿಯೂ ಇದೇ. ಬಾಯಿ ತೆರೆಯದಿದ್ದರೆ ಕಟ್ಟಕಡೆಯ ಹಲ್ಲಿಗೆ ಶಸ್ತ್ರ ತಲುಪುವುದೆಂತು? ತನ್ನದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಟ್ಟಾಗಿ ಮೇಲಣ ಮತ್ತು ಕೆಳಗಣ ಮುಂಬಲ್ಲುಗಳ ನಡುವೆ ನೆಟ್ಟಗೆ ನಿಲ್ಲಿಸಲು ಸಾಧ್ಯವೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಎರಡೇ ಬೆರಳು ಹಿಡಿಸಿದರೆ ವೈದ್ಯನಿಗೆ ಹೇಳಬೇಕು, ಜಗಿಯುವ ಅಭ್ಯಾಸವನ್ನೂ ಮುಚ್ಚಿಡಬಾರದು.

ಇನ್ನು ಅರಿವಳಿಕೆಯ ಮಾತು. ಅದರ ಚರಿತ್ರೆಯಲ್ಲಿ ದಂತವೈದ್ಯರದೇ ಮೊದಲ ಪಂಕ್ತಿ. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲಿ ನೈಟ್ರಸ್ ಆಕ್ಸೈಡನ್ನು ಉಸಿರಾಡಿ ತನ್ನ ದವಡೆಹಲ್ಲನ್ನೇ ಕೀಳಿಸಿಕೊಂಡನು; 1884ರಲ್ಲಿ ಅಲ್ಲಿಯದೇ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಕೆಳದವಡೆಯ ನರದ ಬಳಿ ಕೊಕೇನ್ ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸಿದನು; 1943ರಲ್ಲಿ ಸ್ವೀಡನ್ನಿನ ರಸಾಯನಜ್ಞ ನಿಲ್ಸ್ ಲೋಫ್‌ಗ್ರೆನ್ ಸಿದ್ಧಪಡಿಸಿದ ಲಿಗ್ನೋಕೇನ್ ಎಂಬ ಮರಗಟ್ಟಿಸುವ ಮದ್ದು ಇಂದಿಗೂ ಬಳಕೆಯಲ್ಲಿದೆ. ಬುದ್ಧಿಹಲ್ಲಿನ ಶಸ್ತ್ರಕ್ಕೆ ಬಹುಮಟ್ಟಿಗೆ ಈ ಚುಚ್ಚುಮದ್ದೇ ಸಾಕು, ಅದಕ್ಕೆ ಉಪವಾಸ ಬೇಡ. ಬರಿಹೊಟ್ಟೆಯಲ್ಲಿ ಬಂದು ಕುರ್ಚಿಯಲ್ಲಿ ತಲೆಸುತ್ತಿ ಬೀಳುವವರು ಬಹುಮಂದಿ ಔಷಧದಿಂದಲ್ಲ, ಹಸಿವು ಮತ್ತು ಭಯದಿಂದ ಬೀಳುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವುದಾದರೆ ಮಾತ್ರ ಘನಾಹಾರವನ್ನು 6 ಗಂಟೆ, ನೀರನ್ನು 2 ಗಂಟೆ ಮೊದಲೇ ಬಿಡಬೇಕು. ಮನೆಗೆ ಕರೆದೊಯ್ಯಲು ಜೊತೆಗಾರನೂ ಇರಬೇಕು. ಚುಚ್ಚುಮದ್ದು ನೋವನ್ನು ಅಳಿಸುತ್ತದೆ, ಒತ್ತಡದ ಅರಿವನ್ನು ಅಳಿಸದು. ಒಸಡನ್ನು ಬಿಡಿಸಿದ ಮೇಲೆ ಯಂತ್ರದ ಸದ್ದು ತಲೆಬುರುಡೆಯಲ್ಲೆಲ್ಲ ಮೊರೆಯುತ್ತದೆ, ತಣ್ಣೀರು ಬಾಯಿ ತುಂಬುತ್ತದೆ, ಹಲ್ಲನ್ನು ಎರಡು ಹೋಳಾಗಿ ಸೀಳುವಾಗ ಟಕ್ಕೆಂಬ ಸದ್ದು ಕಿವಿಯ ಬುಡದಲ್ಲೇ ಕೇಳುತ್ತದೆ. ಇದನ್ನು ಮೊದಲೇ ಬಲ್ಲವನು ದವಡೆ ಮುರಿಯಿತೆಂದು ಬೆದರುವುದಿಲ್ಲ. ನೋವೇ ಆದರೆ ಎಡಗೈ ಎತ್ತಿ ತಿಳಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ ಇನ್ನಷ್ಟು ಮದ್ದು ಚುಚ್ಚಿಸಿಕೊಳ್ಳಬಹುದು.

ಶಸ್ತ್ರ ಮುಗಿದ ಬಳಿಕ ಅರಳೆಬಟ್ಟೆಯನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಚ್ಚಿಹಿಡಿಯಬೇಕು. ಗುಳಿಯಲ್ಲಿ ಕಟ್ಟುವ ರಕ್ತದ ಗರಣೆಯೇ ಗಾಯಕ್ಕೆ ಹೊದಿಕೆ. ಮೊದಲ 24 ಗಂಟೆ ಬಾಯಿ ಮುಕ್ಕಳಿಸುವುದು, ಪದೇ ಪದೇ ಉಗುಳುವುದು, ಕೊಳವೆಯಿಂದ ಹೀರಿ ಎಳನೀರು ಕುಡಿಯುವುದು ಎಲ್ಲವೂ ಅದನ್ನು ಕಿತ್ತೊಗೆಯುತ್ತವೆ. ಉಗುಳಿನಲ್ಲಿ ಕೆಂಪು ಕಂಡೊಡನೆ ಗಾಬರಿಯಿಂದ ಇನ್ನಷ್ಟು ಉಗುಳುವುದು ನಮ್ಮವರ ಸಹಜಪ್ರವೃತ್ತಿ. ಎಂಜಲನ್ನು ನುಂಗಿಕೊಳ್ಳುವುದೇ ಹಿತ. ತುಟಿಯ ಜೋಮು ಇಳಿಯಲು ಮೂರರಿಂದ ಐದು ಗಂಟೆ ಹಿಡಿಯುವುದರಿಂದ ಅಷ್ಟರೊಳಗೆ ಬಿಸಿ ಕಾಫಿ ಕುಡಿದವರು ಬಾಯಿ ಸುಟ್ಟದ್ದನ್ನು ಅರಿಯರು, ಮಕ್ಕಳಂತೂ ತುಟಿಯನ್ನೇ ಅಗಿದುಬಿಡುತ್ತಾರೆ. ತಣ್ಣಗಿನ ಗಂಜಿ, ಮೊಸರನ್ನ, ಆರಿದ ರಾಗಿ ಅಂಬಲಿ ಸಾಕು. ಮೆಣಸಿನ ಸಾರೂ ಚಕ್ಕುಲಿಯೂ ಒಂದು ವಾರ ಕಾಯಲಿ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲನೆ ಮುಕ್ಕಳಿಸಬಹುದು. ಬಾವು ಎರಡನೆಯ ಮೂರನೆಯ ದಿನಕ್ಕೆ ಏರಿ ಬಳಿಕ ಇಳಿಯುವುದು. ಎರಡನೆಯ ದಿನ ಕೆನ್ನೆ ಮೊದಲಿಗಿಂತ ದಪ್ಪವಾಯಿತೆಂದು ಕಂಗಾಲಾಗಬೇಕಾದುದಿಲ್ಲ.

ಬೀಡಿ, ಸಿಗರೇಟು, ಹೊಗೆಸೊಪ್ಪು ಇವುಗಳನ್ನು ಬಿಡದವರಿಗೆ ಒದಗುವ ಶಿಕ್ಷೆ ಒಂದುಂಟು. ನೋವು ಇಳಿಮುಖವಾಗಿದ್ದದ್ದು ಮೂರನೆಯ ದಿನದ ಸುಮಾರಿಗೆ ಮತ್ತೆ ಕೆರಳಿ, ಕಿವಿಯವರೆಗೆ ಹಬ್ಬಿ, ಬಾಯಿ ನಾರುತ್ತದೆ. ನೋಡಿದರೆ ಗುಳಿಯೊಳಗೆ ಗರಣೆಯಿಲ್ಲ, ಎಲುಬು ಬರಿದಾಗಿದೆ. ಒಣಗುಳಿ ಎನ್ನಬಹುದಾದ ಈ ಸ್ಥಿತಿ ಗರ್ಭನಿರೋಧಕ ಗುಳಿಗೆ ಸೇವಿಸುವ ಸ್ತ್ರೀಯರಲ್ಲಿಯೂ ತುಸು ಹೆಚ್ಚು. ಇದಕ್ಕೆ ಜೀವಿರೋಧಕ ನುಂಗುತ್ತ ಮನೆಯಲ್ಲಿ ಕೂರುವುದು ವ್ಯರ್ಥ; ವೈದ್ಯನು ಗುಳಿಯನ್ನು ತೊಳೆದು ಲವಂಗದ ಎಣ್ಣೆಯ ಸಾರವುಳ್ಳ ಮದ್ದಿನ ಬತ್ತಿಯನ್ನಿಟ್ಟರೆ ಕೆಲವೇ ಗಳಿಗೆಗಳಲ್ಲಿ ಉಪಶಮನವಾಗುವುದು.

ಅರ್ಧ ಗಂಟೆ ಒತ್ತಿ ಕಚ್ಚಿದರೂ ನಿಲ್ಲದ ರಕ್ತ, ಮೂರು ದಿನದ ಬಳಿಕವೂ ಏರುತ್ತಿರುವ ಬಾವು, ಚಳಿಜ್ವರ, ಇವು ಕಾಣಿಸಿದ ದಿನವೇ ಆಸ್ಪತ್ರೆಗೆ ಹೋಗಬೇಕು. ಎಂಜಲು ನುಂಗಲಾರದಿರುವುದು, ನಾಲಗೆಯ ಕೆಳಗೆ ಅಥವಾ ಕತ್ತಿನಲ್ಲಿ ಬಿಗುವು, ಉಸಿರಿಗೆ ತೊಡಕು ಇವಾದರೆ ರಾತ್ರಿಯೆನ್ನದೆ ಹೊರಡಬೇಕು. ಹೊಲಿಗೆಯು ತಾನಾಗಿ ಕರಗುವ ದಾರದ್ದಲ್ಲದಿದ್ದರೆ ಸುಮಾರು 7 ದಿನಕ್ಕೆ ಬಿಚ್ಚಿಸಿಕೊಳ್ಳಬೇಕು; ತುಟಿಯೋ ನಾಲಗೆಯೋ ಇನ್ನೂ ಜೋಮಾಗಿದ್ದಲ್ಲಿ ಜೋಮಿನ ಎಲ್ಲೆಯನ್ನು ಆ ದಿನವೇ ವೈದ್ಯನಿಂದ ಬರೆಸಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ತಿಂಗಳುಗಳಲ್ಲಿ ಅದು ಕುಗ್ಗುತ್ತಿದೆಯೋ ಇಲ್ಲವೋ ಎಂಬುದನ್ನು ಆ ಬರಹದೊಡನೆ ಹೋಲಿಸಿಯೇ ನಿರ್ಣಯಿಸಬೇಕಾಗುತ್ತದೆ.