ರೇಷ್ಮೆಹುಳು ಬಿಟ್ಟುಹೋದ ಅಂಕಿ

ಹುಸಿನೊಣ ಕಟ್ಟಿ ಟ್ರೌಟ್ ಮೀನು ಹಿಡಿಯುವ ‘ಫ್ಲೈ ಫಿಶಿಂಗ್’ ಬಗ್ಗೆ ನೀವು ಕೇಳಿರಬಹುದು. ಅದರಲ್ಲಿ ಬಳಸುವ ನೈಲಾನ್ ಎಳೆಯ ಸುರುಳಿಯ ಮೇಲೆ ‘3ಎಕ್ಸ್’, ‘5ಎಕ್ಸ್’ ಎಂದು ಮುದ್ರಿಸಿರುತ್ತಾರೆ. ಎಳೆ ತೆಳುವಾದಷ್ಟೂ ಅಂಕಿ ದೊಡ್ಡದು! ಈ ತಲೆಕೆಳಗಾದ ಲೆಕ್ಕ ಬಂದದ್ದು ರೇಷ್ಮೆಹುಳುವಿನಿಂದ.

ಇಲ್ಲಿ ಕೋಲಿನಿಂದ ಬೀಸುವುದು ತೂಕವಿರುವ ದಪ್ಪ ದಾರವನ್ನು. ನೊಣ ತೀರ ಹಗುರ. ಇವೆರಡನ್ನೂ ಜೋಡಿಸುವ ಎಳೆಯೇ ‘ಲೀಡರ್’. ದಪ್ಪ ದಾರಕ್ಕೆ ನೇರವಾಗಿ ಕೂದಲಿನಂಥ ಎಳೆ ಕಟ್ಟಿದರೆ ಅದು ಬಿಚ್ಚಿಕೊಳ್ಳದೆ ಗುಪ್ಪೆಯಾಗಿ ಬೀಳುತ್ತದೆ. ಬುಡದಿಂದ ತುದಿಗೆ ಕ್ರಮೇಣ ಸಣ್ಣದಾದರೆ ಮಾತ್ರ ಬೀಸಿನ ಶಕ್ತಿ ಸರಾಗವಾಗಿ ತುದಿ ಮುಟ್ಟುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಕಾಟನ್ 1676ರಲ್ಲೇ ಇದನ್ನು ಬರೆದಿದ್ದ. ಆಗಿನ ದಾರ ಕುದುರೆಕೂದಲಿನದು. ಗಾಳದ ಬಳಿ ಎರಡು ಕೂದಲು, ಮೇಲೆ ಹೋದಂತೆ ಹೆಚ್ಚು ಕೂದಲು ಹೊಸೆಯಬೇಕು ಎಂಬುದು ಅವನ ಸಲಹೆ.

ಮುಂದೆ ಕೂದಲಿನ ಜಾಗಕ್ಕೆ ರೇಷ್ಮೆಹುಳು ಬಂತು. ನಮ್ಮ ರಾಮನಗರದ ಮಾರುಕಟ್ಟೆಗೆ ಗೂಡು ಕಟ್ಟಿಕೊಡುವ ಬಾಂಬಿಕ್ಸ್ ಮೋರಿ ಹುಳುವೇ ಅದು. ಸ್ಪೇನಿನ ಮುರ್ಸಿಯಾದಲ್ಲಿ, ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನಿಗರ್‌ನಲ್ಲಿ ನೆನೆಸಿ, ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಜಗ್ಗುತ್ತಿದ್ದರು. ಒಂದೊಂದು ಎಳೆಯ ಉದ್ದ ಕಡಿಮೆ. ಆದ್ದರಿಂದ ಹಲವು ಎಳೆಗಳನ್ನು ಗಂಟುಹಾಕಿ ಲೀಡರ್ ಮಾಡಬೇಕಿತ್ತು. ಇನ್ನೂ ಸಣ್ಣ ಎಳೆ ಬೇಕಾದರೆ, ಅಕ್ಕಸಾಲಿಗರು ತಂತಿ ಎಳೆಯುವಂತೆ, ಲೋಹದ ಫಲಕದ ರಂಧ್ರಗಳಲ್ಲಿ ತೂರಿಸಿ ಎಳೆಯುತ್ತಿದ್ದರು. ‘ಎಕ್ಸ್’ ಅಂಕಿ ಹೀಗೆ ಎಳೆದದ್ದರ ಗುರುತು. ಹೆಚ್ಚು ಸಲ ಎಳೆದದ್ದು ಹೆಚ್ಚು ಸಣ್ಣ.

1935ರಲ್ಲಿ ಡ್ಯೂಪಾಂಟ್ ಸಂಸ್ಥೆಯ ವ್ಯಾಲೇಸ್ ಕರೋದರ್ಸ್ ತಂಡ ನೈಲಾನ್ ತಯಾರಿಸಿತು. ಎರಡನೆಯ ಮಹಾಯುದ್ಧದ ನಂತರ ಹುಳುವಿನ ಎಳೆ ಮರೆಯಾಯಿತು, ಅಂಕಿ ಮಾತ್ರ ಉಳಿಯಿತು. ಲೆಕ್ಕ ಸುಲಭ: 11ರಿಂದ ಎಕ್ಸ್ ಅಂಕಿಯನ್ನು ಕಳೆಯಿರಿ, ಉಳಿದದ್ದು ಅಂಗುಲದ ಸಾವಿರಾಂಶಗಳಲ್ಲಿ ವ್ಯಾಸ. 5ಎಕ್ಸ್ ಎಂದರೆ 0.006 ಅಂಗುಲ, ಸುಮಾರು 0.15 ಮಿ.ಮೀ. 0ಎಕ್ಸ್‌ಗೆ ಹೋಲಿಸಿದರೆ ಇದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇ. 30 ಮಾತ್ರ. ನೈಲಾನ್ ಒಂದೇ ಬಗೆಯದಾದರೆ ತಾಳುವ ಭಾರವೂ ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತದೆ. ಆದ್ದರಿಂದ ಲೀಡರ್ ಆಯ್ಕೆಯೆಂದರೆ ಒಂದು ರಾಜಿ: ತುದಿ ಮೀನಿನ ಕಣ್ಣಿಗೆ ಬೀಳದಷ್ಟು ಸಣ್ಣ, ಎಳೆದಾಗ ಹರಿಯದಷ್ಟು ಗಟ್ಟಿ. ಗಾಳದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ತುದಿಗೆ ಹೊಂದುವ ಎಕ್ಸ್ ಅಂಕಿ ಸುಮಾರಾಗಿ ಸಿಗುತ್ತದೆ.

ಅಂಗಡಿಯಿಂದ ಬೇರೆ ಬೇರೆ ದಪ್ಪದ ಗಾಳದ ನೈಲಾನ್ ದಾರ ತಂದು, ಪ್ರಯೋಗಾಲಯದ ಸ್ಕ್ರೂ ಗೇಜಿನಲ್ಲಿ ಅಳೆಯಿರಿ. ಅವು ಎಷ್ಟು ‘ಎಕ್ಸ್’ ಎಂದು ವಿದ್ಯಾರ್ಥಿಗಳೇ ಕಂಡುಹಿಡಿಯಲಿ.