ಪದ ಪರಿಚಯ: ರುಷ್ವಾ

ರುಷ್ವಾ (ನಾಮಪದ): ಲಂಚ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಪದ. ಮೂಲ ಅರಬ್ಬಿಯ ‘ರಿಷ್ವಾ’. ಅದೇ ಮೂಲದಿಂದ ಪಾರಸಿಯ ದಾರಿ ಹಿಡಿದು ಕನ್ನಡಕ್ಕೆ ಬಂದದ್ದು ‘ರುಷುವತ್ತು’.

ತಾಂಜಾನಿಯಾದ ಲಂಚ ತಡೆ ಸಂಸ್ಥೆ ‘ತಾಕುಕುರು’. ಅದರ ಪೂರ್ಣ ಹೆಸರು ಮುಗಿಯುವುದು ಈ ಪದದಿಂದಲೇ. ಆದರೆ ಕೈಚಾಚುವವರ ಬಾಯಲ್ಲಿ ಬರುವುದು ‘ಚಾಯ್’ ಅಥವಾ ‘ಕಿಟು ಕಿಡೋಗೊ’, ಅಂದರೆ ‘ಚೂರು ಏನಾದರೂ’.

ಲೆಕ್ಕದ ಪುಸ್ತಕದಲ್ಲೂ ಹಣಕ್ಕೆ ಬೇರೆ ಹೆಸರು ಸಿಗುತ್ತದೆ. ಬ್ರಿಟನ್ನಿನ ಬಿಎಇ ಕಂಪನಿ ತಾಂಜಾನಿಯಾಕ್ಕೆ ರಾಡಾರ್ ಮಾರಿದಾಗ ಮಧ್ಯವರ್ತಿಗೆ ಸುಮಾರು 1.24 ಕೋಟಿ ಡಾಲರ್ ಸಂದಿತ್ತು. ಪುಸ್ತಕದಲ್ಲಿ ಅದು ‘ತಾಂತ್ರಿಕ ಸೇವೆ’. 2010ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ ತಪ್ಪು ಲಂಚದ್ದಲ್ಲ, ಸರಿಯಾದ ಲೆಕ್ಕ ಇಡದಿದ್ದುದು. ಪ್ರಕರಣ ಮುಗಿಸಲು ಆದ ಒಪ್ಪಂದದಂತೆ 2.95 ಕೋಟಿ ಪೌಂಡ್ ತಾಂಜಾನಿಯಾದ ಮಕ್ಕಳ ಶಿಕ್ಷಣಕ್ಕೆ ಹೋಯಿತು.

ಹಾಗಾಗಿ ತನಿಖೆಗಿಳಿದವರು ‘ರುಷ್ವಾ’ ಎಂಬ ಪದವನ್ನು ಹುಡುಕುತ್ತ ಕೂರುವುದಿಲ್ಲ. ಕಮಿಷನ್, ಸಲಹಾ ಶುಲ್ಕ, ಸೇವಾ ವೆಚ್ಚಗಳ ಸಾಲುಗಳನ್ನು ಹಿಡಿದು ಕೇಳುತ್ತಾರೆ: ಈ ದಲ್ಲಾಳಿ ಯಾರ ಆಪ್ತ? ಯಾವ ಕೆಲಸಕ್ಕೆ ಇಷ್ಟು ಹಣ? ತಾಂಜಾನಿಯಾದಲ್ಲಿ ವ್ಯಾಪಾರಕ್ಕೆ ಹೊರಟ ಪ್ರತಿ ಕಂಪನಿಯೂ ಸಹಿ ಹಾಕುವ ಮುನ್ನವೇ ಇದನ್ನು ಕೇಳಿಕೊಳ್ಳಬೇಕು. ಲಂಚದ ಹೊರೆ ಕೊನೆಗೆ ಬೀಳುವುದು ಆ ನಾಡಿನ ಬಡವರ ಮೇಲೆ.