ಮತ್ಸ್ಯವಿದ್ಯುತ್ತಿನ ವೃತ್ತಾಂತ

ನಾನು ಉಪಾಧ್ಯಾಯನಾಗಿದ್ದಾಗ ವಿದ್ಯುತ್ಕೋಶದ ಜನ್ಮಕಥೆಯನ್ನು ಗ್ಯಾಲ್ವಾನಿಯ ಕಪ್ಪೆಯಿಂದ ತೊಡಗಿ ವೋಲ್ಟನ ಲೋಹದ ಬಿಲ್ಲೆಗಳಲ್ಲಿ ಮುಗಿಸುತ್ತಿದ್ದೆನು. ಆ ಕಥೆಯಲ್ಲಿ ಒಂದು ಮೀನಿಗೂ ಸ್ಥಾನವುಂಟೆಂಬುದು ನನಗೆ ತಿಳಿದದ್ದು ವಿಶ್ರಾಂತಿ ಹೊಂದಿದ ಮೇಲೆ. ಅಷ್ಟು ವರ್ಷ ವಿದ್ಯಾರ್ಥಿಗಳಿಗೆ ಅರ್ಧಕಥೆಯನ್ನೇ ಹೇಳಿದ ದೋಷಕ್ಕೆ ಈ ಬರಹವು ಪ್ರಾಯಶ್ಚಿತ್ತವಾಗಲಿ.

ಆ ಮೀನು ತೊರಕೆಯ ಬಂಧುವರ್ಗಕ್ಕೆ ಸೇರಿದ ಟಾರ್ಪಿಡೊ. ಮುಟ್ಟಿದವರ ಕೈ ಜೋಮು ಹಿಡಿಯುವುದರಿಂದ ಗ್ರೀಕರು ಅದನ್ನು ‘ನಾರ್ಕೆ’, ಅಂದರೆ ಜಡತೆ, ಎಂದು ಕರೆದರು. ಪ್ಲೇಟೋವಿನ ಸಂವಾದವೊಂದರಲ್ಲಿ, ಪ್ರಶ್ನೆಗಳಿಗೆ ಉತ್ತರ ಕಾಣದೆ ಬಾಯಿ ಕಟ್ಟಿದ ಮೆನೋ ಎಂಬಾತನು ಸಾಕ್ರೆಟೀಸನನ್ನು ಈ ಮೀನಿಗೆ ಹೋಲಿಸುತ್ತಾನೆ. ಸೋತವನು ಗೆದ್ದವನ ಮೋರೆಯನ್ನು ಅಣಕಿಸುವ ಪದ್ಧತಿ ಪುರಾತನವೇ ಸರಿ. ರೋಮಿನ ಕ್ಲಾಡಿಯಸ್ ಚಕ್ರವರ್ತಿಯ ಕಾಲದ ವೈದ್ಯನಾದ ಸ್ಕ್ರಿಬೋನಿಯಸ್ ಲಾರ್ಗಸನು ವಾತರಕ್ತದ ರೋಗಿಗಳು ಜೀವಂತ ಟಾರ್ಪಿಡೊವನ್ನು ಪಾದದಡಿಯಲ್ಲಿಟ್ಟುಕೊಂಡು ಒದ್ದೆಯಾದ ಕಡಲತೀರದಲ್ಲಿ ನಿಲ್ಲಬೇಕೆಂದು ವಿಧಿಸಿದನು.

ಈ ಆಘಾತಕ್ಕೆ ಕಾರಣವೇನು? ೧೭೧೪ರಲ್ಲಿ ಫ್ರಾನ್ಸಿನ ರೋಮರನು ಅದು ಸ್ನಾಯುಗಳ ಅತಿವೇಗದ ಪೆಟ್ಟೆಂದನು. ಅನಂತರ ಲೈಡನ್ ಜಾಡಿಯು ಬಂದು, ಅದರ ಹೊಡೆತಕ್ಕೂ ಮೀನಿನ ಹೊಡೆತಕ್ಕೂ ಇರುವ ಸಾಮ್ಯವು ಹಲವರಿಗೆ ಹೊಳೆಯಿತು. ೧೭೭೨ರಲ್ಲಿ ಜಾನ್ ವಾಲ್ಷ್ ಎಂಬ ಆಂಗ್ಲೇಯನು ಫ್ರಾನ್ಸಿನ ಲಾ ರೋಶೆಲ್ ಪಟ್ಟಣಕ್ಕೆ ಹೋಗಿ ಇದನ್ನು ಪರೀಕ್ಷಿಸಿದನು. ಈತನು ಹಿಂದೆ ಕ್ಲೈವನ ಕಾರ್ಯದರ್ಶಿಯಾಗಿದ್ದು ನಮ್ಮ ದೇಶದಿಂದ ಐಶ್ವರ್ಯವನ್ನು ಹೊತ್ತೊಯ್ದವನು. ಅದರಲ್ಲಿ ಸ್ವಲ್ಪವಾದರೂ ವಿದ್ಯೆಗೆ ವೆಚ್ಚವಾಯಿತೆಂದು ಸಮಾಧಾನಪಡೋಣ. ಹಲವು ಮಂದಿಯನ್ನು ಸಾಲಾಗಿ ನಿಲ್ಲಿಸಿ, ಪಕ್ಕಪಕ್ಕದವರು ಒಂದೊಂದು ನೀರಿನ ಬೋಗುಣಿಯಲ್ಲಿ ಬೆರಳದ್ದುವಂತೆ ಮಾಡಿ, ಸಾಲಿನ ಎರಡು ತುದಿಗಳನ್ನು ಮೀನಿನ ಬೆನ್ನಿಗೂ ಹೊಟ್ಟೆಗೂ ಸೇರಿಸಿದನು. ಎಲ್ಲರಿಗೂ ಒಮ್ಮೆಲೇ ಪೆಟ್ಟು ತಗುಲಿತು! ಜಾನ್ ಹಂಟರನು ಮೀನನ್ನು ಛೇದಿಸಿ, ಇಕ್ಕೆಲದ ಅವಯವಗಳಲ್ಲಿ ಜೇನುಹುಟ್ಟಿನಂತೆ ಒತ್ತಾಗಿ ನಿಂತ ಕಂಬಗಳನ್ನು ಕಂಡನು. ದೊಡ್ಡ ಮೀನೊಂದರ ಒಂದೇ ಅವಯವದಲ್ಲಿ ೧೧೮೨ ಕಂಬಗಳಿದ್ದುವು. ಪ್ರತಿಯೊಂದು ಕಂಬವೂ ತೆಳುವಾದ ಬಿಲ್ಲೆಗಳ ಪೇರಿಕೆ.

ಆದರೂ ಸಂಶಯವಾದಿಗಳು ಬಿಡಲಿಲ್ಲ. ವಿದ್ಯುತ್ತಾದರೆ ಕಿಡಿಯೆಲ್ಲಿ, ಚಟಪಟ ಸದ್ದೆಲ್ಲಿ? ಉಪ್ಪುನೀರಿನಲ್ಲಿ ಅದು ಹರಡಿಹೋಗದೆ ಹೇಗೆ ನಿಂತೀತು? ಪ್ರಶ್ನೆಗಳು ನ್ಯಾಯವಾದುವೇ. ಉತ್ತರಕೊಟ್ಟವನು ಹೆನ್ರಿ ಕ್ಯಾವೆಂಡಿಷ್. ಮೌನಿಯೂ ಏಕಾಂತಪ್ರಿಯನೂ ಆದ ಈತನು ತೊಗಲಿನ ಕೃತಕ ಮೀನೊಂದನ್ನು ಮಾಡಿ, ಉಪ್ಪುನೀರಿನಲ್ಲಿ ಮುಳುಗಿಸಿ, ಅನೇಕ ಲೈಡನ್ ಜಾಡಿಗಳಿಗೆ ಜೋಡಿಸಿದನು. ಜಾಡಿಗಳಲ್ಲಿ ತುಂಬಿದ ವಿದ್ಯುತ್ತಿನ ಒತ್ತಡ ಅಲ್ಪ, ಪ್ರಮಾಣ ಅಧಿಕ. ಒತ್ತಡವು ಅಲ್ಪವಾದುದರಿಂದ ಗಾಳಿಯ ಅಂತರವನ್ನು ಹಾರಿ ಕಿಡಿಯಾಗಲಾರದು. ಪ್ರಮಾಣವು ಅಧಿಕವಾದುದರಿಂದ ಬಹುಪಾಲು ನೀರಿನಲ್ಲಿ ಹರಿದುಹೋದರೂ ಕೈಗೆ ಪೆಟ್ಟು ತಗುಲುವುದು. ೧೭೭೫ರಲ್ಲಿ ಮನೆಗೆ ಕರೆಸಿಕೊಂಡ ಪಂಡಿತರಿಗೆ ಇದನ್ನು ಮುಟ್ಟಿಸಿಯೇ ತೋರಿಸಿದನು. ಮರುವರ್ಷ ಅವನ ಲೇಖನವು ಪ್ರಕಟವಾಯಿತು.

ಇನ್ನು ವೋಲ್ಟನ ಮಾತು. ಸತು, ಬೆಳ್ಳಿ, ಉಪ್ಪುನೀರಿನಲ್ಲಿ ತೊಯ್ದ ಕಾಗದ, ಹೀಗೆ ಬಿಲ್ಲೆಯ ಮೇಲೆ ಬಿಲ್ಲೆಯನ್ನು ಪೇರಿಸಿ ಅವನು ಕಟ್ಟಿದ ಸ್ತಂಭವು ಹಂಟರನು ಕಂಡ ಕಂಬಗಳಂತೆಯೇ ಇದೆ. ಈ ಸಾಮ್ಯವನ್ನು ಅವನೇನೂ ಮುಚ್ಚಿಡಲಿಲ್ಲ. ೧೮೦೦ನೆಯ ಮಾರ್ಚ್ ೨೦ರಂದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾದ ಬ್ಯಾಂಕ್ಸ್ ಎಂಬವರಿಗೆ ಬರೆದ ಪತ್ರದಲ್ಲಿ, ತನ್ನ ಯಂತ್ರವು ಲೈಡನ್ ಜಾಡಿಗಿಂತಲೂ ಟಾರ್ಪಿಡೊವಿನ ಅವಯವವನ್ನೇ ಹೆಚ್ಚಾಗಿ ಹೋಲುವುದೆಂದು ತಿಳಿಸಿ, ಅದಕ್ಕೆ ‘ಕೃತಕ ವಿದ್ಯುದವಯವ’ ಎಂಬ ಹೆಸರನ್ನು ತಾನೇ ಸೂಚಿಸಿದನು.